ತಲೆಯೇ ರೋಲರ್: ಬಿಸಿ ಇಲ್ಲದೆ ಕೂದಲು ನೇರ ಮಾಡುವ ಪಾಠ

ನಾವು ನಾಲ್ಕು ಜನ, ಸೆಕೆಂಡ್ ಇಯರ್, ಒಂದೇ ಹಾಸ್ಟೆಲ್ ರೂಮು. ಒಬ್ಬಳು ಹಾನಗಲ್‌ನವಳು, ಒಬ್ಬಳು ಶಿಗ್ಗಾಂವಿಯವಳು, ಒಬ್ಬಳು ಸವಣೂರಿನವಳು, ಇನ್ನೊಬ್ಬಳು ಹಿರೇಕೆರೂರಿನವಳು. ಹಾವೇರಿ ಜಿಲ್ಲೆಯ ನಾಲ್ಕು ತಾಲೂಕು ಒಂದೇ ರೂಮಿನಲ್ಲಿ ಇರೋದರಿಂದ ನಮ್ಮಲ್ಲಿ ಹೆಸರಿಗಿಂತ ಊರಿನ ಹೆಸರೇ ಜಾಸ್ತಿ ಓಡುತ್ತದೆ. ಈ ಲೇಖನದಲ್ಲೂ ಹಾಗೇ ಕರೆಯುತ್ತೇವೆ. ನಾವು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಆದ್ದರಿಂದ ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

ವಿಷಯ ಕೂದಲು. ನಗಬೇಡಿ, ಇದರಲ್ಲಿ ಕೆಮಿಸ್ಟ್ರಿ ಇದೆ, ಸ್ವಲ್ಪ ಗಣಿತ ಇದೆ, ಹವಾಮಾನವೂ ಇದೆ.

ಶುರುವಾಗಿದ್ದು ಹೀಗೆ

ಫಸ್ಟ್ ಇಯರ್‌ನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ಇತ್ತು. ಹಾನಗಲ್‌ನವಳದು ದಟ್ಟ ಗುಂಗುರು ಕೂದಲು. ಹೈಸ್ಕೂಲ್‌ನಿಂದಲೂ ಅವಳಿಗೆ 'ಕಸಬರಿಗಿ' ಅಂತ ಅಡ್ಡಹೆಸರು. ಗ್ರೂಪ್ ಡ್ಯಾನ್ಸ್‌ನಲ್ಲಿ ಎಲ್ಲರೂ ಒಂದೇ ಥರ ಕಾಣಬೇಕು ಅಂತ ಪಕ್ಕದ ರೂಮಿನಿಂದ ಸ್ಟ್ರೇಟ್ನರ್ ತಂದೆವು. ಅವಳು ತಲೆಗೆ ನೀರು ಹಾಕಿಕೊಂಡು ಅರ್ಧ ಗಂಟೆಯೂ ಆಗಿರಲಿಲ್ಲ. ಗಡಿಬಿಡಿಯಲ್ಲಿ ಹಣೆಯ ಮೇಲಿನ ಕೂದಲು ಹಿಡಿದು ಒತ್ತಿದೆವು. ಒಗ್ಗರಣೆಗೆ ಸಾಸಿವೆ ಹಾಕಿದಂಗೆ ಚುಂಯ್ ಅಂತು, ಹಬೆ ಎದ್ದಿತು, ಸುಟ್ಟ ವಾಸನೆ ಬಂತು. ಬೆರಳಿನಷ್ಟು ದಪ್ಪದ ಒಂದು ಎಳೆ ಬುಡದ ಹತ್ತಿರವೇ ಮುರಿದು ಕೈಗೆ ಬಂತು. ಅವಳು ಡ್ಯಾನ್ಸ್‌ಗೆ ಹೋಗಲಿಲ್ಲ, ನಾವೂ ಹೋಗಲಿಲ್ಲ. ಸ್ಟ್ರೇಟ್ನರ್ ಹಿಡಿದಿದ್ದು ನಮ್ಮ ಕೈ, ತಪ್ಪೂ ನಮ್ಮದೇ.

ಮುಂದಿನ ಜುಲೈ ಹೊತ್ತಿಗೆ ಅವಳ ಅಕ್ಕನ ಮದುವೆ ಗೊತ್ತಾಯಿತು. ಫೆಬ್ರವರಿಯಲ್ಲಿ ಮದುವೆ. ಸೋದರತ್ತೆ ಬಂದವರು ಅವಳ ತಲೆ ನೋಡಿ, "ಮದುವ್ಯಾಗ ಮಂದಿ ಬರ್ತಾರ, ಫೋಟೋ ತಗೀತಾರ. ನಾಳೆ ನಿನ್ನೂ ನೋಡಾಕ ಬರೋರ ಅದಾರ. ರೀಬಾಂಡಿಂಗ್ ಮಾಡಿಸ್ಕೊಂಬಿಡಬೇ" ಅಂದರು. ಪಾರ್ಲರ್‌ನಲ್ಲಿ ಕೇಳಿದರೆ ನಾಲ್ಕು ಸಾವಿರ. ಅಪ್ಪ, "ಗೋವಿನಜೋಳ ಮಾರಿದ ಮ್ಯಾಲೆ ಕೊಡ್ತೀನಿ ತಗೋ" ಅಂದರಂತೆ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನಮಗೆ ಫೋನ್ ಮಾಡಿ ಕೇಳಿದ್ದು ಇಷ್ಟೇ: "ಒಂದು ದಿನಕ್ಕ ನೆಟ್ಟಗ ಆಗಬೇಕು, ಕಾಯಮ್ ಬ್ಯಾಡ. ಸುಡಲೂಬಾರದು. ಅಂಥಾದ್ದು ಏನರ ಐತೇನ್ರಲೇ?"

ಈ ಪ್ರಶ್ನೆಗೆ ಉತ್ತರ ಹುಡುಕಿದ್ದೇ ಈ ಪಾಠ.

ಕೂದಲೊಳಗೆ ಏನಿದೆ

ಒಂದು ಕೂದಲಿನ ದಪ್ಪ ಸುಮಾರು 0.05ರಿಂದ 0.1 ಮಿಲಿಮೀಟರ್. ಹೊರಗೆ ಕ್ಯೂಟಿಕಲ್ ಅಂತ ಒಂದು ಕವಚ ಇರುತ್ತದೆ. ಮನೆಯ ಹಂಚು ಒಂದರ ಮೇಲೊಂದು ಕೂತಂಗೆ ಸಣ್ಣ ಸಣ್ಣ ಪದರಗಳು. ಒಳಗೆ ಕಾರ್ಟೆಕ್ಸ್. ಕೂದಲಿನ ಶಕ್ತಿ, ಬಣ್ಣ, ಆಕಾರ ಎಲ್ಲ ಇರೋದು ಅಲ್ಲಿ. ಅದು ಕೆರಟಿನ್ ಅನ್ನೋ ಪ್ರೋಟೀನಿನ ಉದ್ದುದ್ದ ಸರಪಳಿಗಳಿಂದ ಆಗಿದೆ.

ಈ ಸರಪಳಿಗಳನ್ನು ಒಂದಕ್ಕೊಂದು ಕಟ್ಟಿರುವ ಬಂಧಗಳಲ್ಲಿ ನಮಗೆ ಎರಡು ಮುಖ್ಯ.

ಮೊದಲನೆಯದು ಡೈಸಲ್ಫೈಡ್ ಬಂಧ. ಎರಡು ಗಂಧಕದ ಪರಮಾಣುಗಳು ಕೈಕೈ ಹಿಡಿದಿರುತ್ತವೆ. ಇದು ಗಟ್ಟಿ. ನೀರಿಗೆ ಬಗ್ಗಲ್ಲ. ಗುಂಗುರು ಕೂದಲನ್ನು ಎಷ್ಟು ಸಲ ತೊಳೆದರೂ ಗುಂಗುರಾಗಿಯೇ ಒಣಗೋದರಲ್ಲಿ ಇದರ ಪಾತ್ರ ದೊಡ್ಡದು. ಕೂದಲು ಹುಟ್ಟುವ ಬುಡವೇ ಚರ್ಮದೊಳಗೆ ಬಾಗಿದ್ದರೆ ಕೂದಲೂ ಸುರುಳಿಯಾಗಿ ಬರುತ್ತದೆ. ಅಂದರೆ ಗುಂಗುರು ಅನ್ನೋದು ಆರೈಕೆ ಮಾಡದೆ ಬಂದ ದೋಷ ಅಲ್ಲ, ಹುಟ್ಟಿನಿಂದ ಬಂದ ಆಕಾರ.

ಎರಡನೆಯದು ಹೈಡ್ರೋಜನ್ ಬಂಧ. ಒಂದೊಂದಾಗಿ ನೋಡಿದರೆ ಬಹಳ ದುರ್ಬಲ, ಆದರೆ ಲೆಕ್ಕವಿಲ್ಲದಷ್ಟು ಇರುತ್ತವೆ. ನೀರು ಒಳಗೆ ಹೋದರೆ ಇವು ಬಿಡುತ್ತವೆ. ನೀರು ಆರಿದಾಗ, ಕೂದಲು ಆ ಹೊತ್ತಿಗೆ ಯಾವ ಆಕಾರದಲ್ಲಿ ಇದೆಯೋ ಅದೇ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಒದ್ದೆ ಹೆರಳು ಹಾಕಿ ಮಲಗಿದರೆ ಬೆಳಿಗ್ಗೆ ಅಲೆ ಅಲೆ ಆಗಿರೋದು ಇದಕ್ಕೇ.

ಇನ್ನೊಂದು ಉದಾಹರಣೆ ನಮ್ಮ ಹಾಸ್ಟೆಲ್‌ನಲ್ಲೇ ಇದೆ. ಇಸ್ತ್ರಿ ಪೆಟ್ಟಿಗೆ ಇಲ್ಲದವರು ಸ್ವಲ್ಪ ಹಸಿ ಇರುವ ಕಾಟನ್ ಪ್ಯಾಂಟ್ ಮಡಚಿ ಗಾದಿ ಕೆಳಗೆ ಇಟ್ಟು ಮಲಗುತ್ತಾರೆ. ಬೆಳಿಗ್ಗೆಗೆ ಗೆರೆ ಕೂತಿರುತ್ತದೆ. ಅಲ್ಲಿ ಕೆರಟಿನ್ ಬದಲು ಸೆಲ್ಯುಲೋಸ್, ಆದರೆ ಕೆಲಸ ಮಾಡಿದ್ದು ಅದೇ ಹೈಡ್ರೋಜನ್ ಬಂಧ. ಹಸಿ, ಆಕಾರ, ಒಣಗುವಿಕೆ: ಈ ಮೂರೇ ಸೂತ್ರ. ಬಿಸಿ ಕಡ್ಡಾಯ ಅಲ್ಲ, ಬಿಸಿ ಕೊಟ್ಟರೆ ಬೇಗ ಆಗುತ್ತದೆ ಅಷ್ಟೇ.

ಈಗ ಮೂರು ದಾರಿಗಳನ್ನು ಹೋಲಿಸಿ.

ಸ್ಟ್ರೇಟ್ನರ್ ಸಾಮಾನ್ಯವಾಗಿ 150ರಿಂದ 230 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಓಡುತ್ತದೆ. ನೀರು ಕುದಿಯೋದು 100ಕ್ಕೆ. ಒದ್ದೆ ಕೂದಲನ್ನು ಅದರ ನಡುವೆ ಒತ್ತಿದರೆ ಒಳಗಿನ ನೀರು ಒಮ್ಮೆಲೇ ಹಬೆಯಾಗಿ ಹಿಗ್ಗುತ್ತದೆ, ಕೂದಲೊಳಗೆ ಗುಳ್ಳೆ ಏಳುತ್ತವೆ, ಅಲ್ಲೇ ಮುರಿಯುತ್ತದೆ. ರಾಜ್ಯೋತ್ಸವದ ದಿನ ನಮಗೆ ಕೇಳಿಸಿದ ಚುಂಯ್ ಸದ್ದು ಇದೇ.

ರೀಬಾಂಡಿಂಗ್‌ನಲ್ಲಿ ಥಯೋಗ್ಲೈಕೊಲೇಟ್ ಥರದ ರಾಸಾಯನಿಕ ಹಚ್ಚಿ ಡೈಸಲ್ಫೈಡ್ ಬಂಧವನ್ನೇ ಬಿಚ್ಚುತ್ತಾರೆ. ಕೂದಲು ನೇರ ಎಳೆದು, ಹೈಡ್ರೋಜನ್ ಪೆರಾಕ್ಸೈಡ್ ಥರದ್ದನ್ನು ಹಚ್ಚಿ ಮತ್ತೆ ಕಟ್ಟುತ್ತಾರೆ. ಆ ಕೂದಲು ಮತ್ತೆ ಗುಂಗುರಾಗಲ್ಲ. ಆದರೆ ಬುಡದಿಂದ ಹೊಸದಾಗಿ ಬರೋದು ಗುಂಗುರೇ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಅಂದರೆ ಆರು ತಿಂಗಳಲ್ಲಿ ಬುಡದ 6 ಸೆಂಟಿಮೀಟರ್ ಗುಂಗುರು, ಕೆಳಗೆಲ್ಲ ನೆಟ್ಟಗೆ. ಮತ್ತೆ ಪಾರ್ಲರ್, ಮತ್ತೆ ದುಡ್ಡು.

ಮೂರನೆಯದು ಸುತ್ತುವ ದಾರಿ. ಇದು ಹೈಡ್ರೋಜನ್ ಬಂಧವನ್ನು ಮಾತ್ರ ಮುಟ್ಟುತ್ತದೆ. ನೀರು ಬಿದ್ದರೆ ಎಲ್ಲ ಮೊದಲಿನಂತೆ. ಹಾನಗಲ್‌ನವಳು ಕೇಳಿದ್ದು ಇದನ್ನೇ.

ತಲೆಗೇ ಯಾಕೆ ಸುತ್ತಬೇಕು

ಕೂದಲನ್ನು ಪೆನ್ಸಿಲ್‌ಗೆ ಸುತ್ತಿ ಒಣಗಿಸಿದರೆ ಸಣ್ಣ ಸುರುಳಿ ಬರುತ್ತದೆ. ದೊಡ್ಡ ರೋಲರ್‌ಗೆ ಸುತ್ತಿದರೆ ಅಗಲ ಅಲೆ. ಸುತ್ತುವ ವಸ್ತು ದೊಡ್ಡದಾದಷ್ಟೂ ಬಾಗು ಕಡಿಮೆ. ಮ್ಯಾಥ್ಸ್‌ನಲ್ಲಿ ಓದಿದ್ದೇವಲ್ಲ, ವಕ್ರತೆ ಅಂದರೆ ಒಂದು ಭಾಗಿಸು ತ್ರಿಜ್ಯ. 2 ಸೆಂಟಿಮೀಟರ್ ತ್ರಿಜ್ಯದ ರೋಲರ್‌ಗೆ ವಕ್ರತೆ 0.5. ತಲೆಯ ಸುತ್ತಳತೆ 56 ಸೆಂಟಿಮೀಟರ್ ಅಂತ ಹಿಡಿದರೆ ತ್ರಿಜ್ಯ ಸುಮಾರು 9 ಸೆಂಟಿಮೀಟರ್, ವಕ್ರತೆ 0.11. ಇಷ್ಟು ಸಣ್ಣ ಬಾಗು ಕಣ್ಣಿಗೆ ನೇರವಾಗಿಯೇ ಕಾಣುತ್ತದೆ. ನಮ್ಮ ಹತ್ತಿರ ಯಾವಾಗಲೂ ಇರುವ, ದುಡ್ಡು ಕೊಡಬೇಕಿಲ್ಲದ ಅತಿ ದೊಡ್ಡ ರೋಲರ್ ಅಂದರೆ ನಮ್ಮ ತಲೆ.

ಈ ವಿಧಾನಕ್ಕೆ ಹೆಸರುವಾಸಿಯಾದವರು ಡೊಮಿನಿಕನ್ ರಿಪಬ್ಲಿಕ್ ದೇಶದ ಹೆಣ್ಣುಮಕ್ಕಳು. ಅಮೆರಿಕದಲ್ಲಿ ಇದನ್ನು 'ಡೂಬಿ' ಅಂತಾರೆ. ಆಫ್ರಿಕಾ ಮೂಲದ ಹೆಣ್ಣುಮಕ್ಕಳಲ್ಲಿ ಇದು ಮನೆಮಾತು. ಅವರು ಮೊದಲು ಒದ್ದೆ ಕೂದಲನ್ನು ದೊಡ್ಡ ರೋಲರ್‌ಗಳಿಗೆ ಸುತ್ತಿ ಒಣಗಿಸಿ, ಆಮೇಲೆ ತಲೆಗೆ ಸುತ್ತುತ್ತಾರೆ. ಬಹಳ ಬಿಗಿಯಾದ ಗುಂಗುರು ಒಂದೇ ಸಲಕ್ಕೆ ತಲೆಯ ಸುತ್ತಿಗೆ ಬಗ್ಗಲ್ಲ ಅಂತ ಅವರಿಗೆ ಗೊತ್ತು. ನಮಗೆ ಗೊತ್ತಿರಲಿಲ್ಲ, ಅದನ್ನು ಮುಂದೆ ಹೇಳುತ್ತೇವೆ.

ಸುತ್ತುವ ಕ್ರಮ

ಬೇಕಾಗೋದು: ಅಗಲ ಹಲ್ಲಿನ ಹಣಿಗೆ, ಸಣ್ಣ ಹಲ್ಲಿನ ಹಣಿಗೆ, ಬಳೆ ಅಂಗಡಿಯಲ್ಲಿ ಸಿಗುವ ಕಪ್ಪು ಹೇರ್‌ಪಿನ್ನಿನ ಎರಡು ಪ್ಯಾಕೆಟ್, ರೇಷ್ಮೆ ಅಥವಾ ಸ್ಯಾಟಿನ್ ಬಟ್ಟೆಯ ತುಂಡು.

1. ತಲೆ ತೊಳೆದು, ಹಳೇ ಕಾಟನ್ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಉಜ್ಜಬೇಡಿ.

2. ಕೂದಲು ಮುಕ್ಕಾಲು ಪಾಲಿಗಿಂತ ಹೆಚ್ಚು ಆರುವ ತನಕ ಬಿಡಿ. ಮುಟ್ಟಿದರೆ ತಂಪು ಅನಿಸಬೇಕು, ಕೈಗೆ ನೀರು ಹತ್ತಬಾರದು.

3. ಅಗಲ ಹಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ, ಆಮೇಲೆ ಮೇಲಕ್ಕೆ ಬನ್ನಿ. ಒದ್ದೆ ಕೂದಲು ಒಣಗಿದ್ದಕ್ಕಿಂತ ಸುಲಭವಾಗಿ ಹಿಗ್ಗುತ್ತದೆ, ಹೆಚ್ಚು ಎಳೆದರೆ ಹಾಳಾಗುತ್ತದೆ. ತುದಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಸಾಕು.

4. ಬೈತಲೆ ಒಂದು ಪಕ್ಕಕ್ಕೆ ತೆಗೆಯಿರಿ. ಒಂದು ಕಿವಿಯ ಮೇಲಿನಿಂದ ಶುರು ಮಾಡಿ, ಒಂದು ಹಿಡಿ ಕೂದಲನ್ನು ತಲೆಗೆ ಅಂಟಿದಂತೆ ಚಪ್ಪಟೆಯಾಗಿ ಬಾಚಿ, ಹಣೆಯ ಮೇಲಿಂದ ಇನ್ನೊಂದು ಕಿವಿಯ ಕಡೆಗೆ ಒಯ್ಯಿರಿ. ಪಿನ್ನು ಹಾಕಿ. ಮುಂದಿನ ಹಿಡಿಯನ್ನು ಅದೇ ದಿಕ್ಕಿಗೆ ಅದರ ಮೇಲೆ. ಗಡಿಯಾರದ ಮುಳ್ಳು ತಿರುಗಿದಂಗೆ ಇಡೀ ತಲೆ ಸುತ್ತಬೇಕು. ಅಜ್ಜಂದಿರು ಪಟಗಾ ಸುತ್ತೋದನ್ನು ನೋಡಿದವರಿಗೆ ಇದು ಬೇಗ ಬರುತ್ತದೆ.

5. ಪ್ರತಿ ಸಲ ಸಣ್ಣ ಹಣಿಗೆ ಆಡಿಸಿ ನಯ ಮಾಡಿ. ಪಿನ್ನು ಸುತ್ತಿನ ದಿಕ್ಕಿಗೇ ಮಲಗಿರಬೇಕು. ತುದಿಗಳನ್ನು ಮಡಚದೆ ಚಪ್ಪಟೆಯಾಗಿ ಕೂರಿಸಿ.

6. ಮೇಲೆ ರೇಷ್ಮೆ ಬಟ್ಟೆ ಕಟ್ಟಿ. ಬಿಗಿ ಬೇಡ. ಹಣೆಯ ಅಂಚಿನ ಕೂದಲು ಎಳೆದಂತಾದರೆ, ತಲೆ ನೋವು ಬಂದರೆ, ಸಡಿಲ ಮಾಡಲೇಬೇಕು. ದಿನಾ ಬಿಗಿಯಾಗಿ ಎಳೆದು ಕಟ್ಟಿದರೆ ಬುಡದಿಂದಲೇ ಕೂದಲು ಉದುರುತ್ತದೆ.

7. ಆಗುವುದಾದರೆ ನಾಲ್ಕೈದು ತಾಸಿನ ನಂತರ ಬಿಚ್ಚಿ, ಬಾಚಿ, ಎದುರು ದಿಕ್ಕಿಗೆ ಸುತ್ತಿ. ಒಂದೇ ಕಡೆ ವಾಲುವುದು ತಪ್ಪುತ್ತದೆ.

8. ಬೆಳಿಗ್ಗೆ ಬಿಚ್ಚುವ ಮೊದಲು ಬೆರಳು ಒಳಗೆ ಹಾಕಿ ನೋಡಿ. ತಂಪಿದ್ದರೆ ಇನ್ನೂ ಒಣಗಿಲ್ಲ, ಕಾಯಿರಿ. ಪೂರ್ತಿ ಒಣಗಿದ್ದರೆ ಮಾತ್ರ ಪಿನ್ನು ತೆಗೆದು ಕೆಳಮುಖವಾಗಿ ಬಾಚಿ.

ನಾಲ್ಕು ತಾಲೂಕು, ನಾಲ್ಕು ಪಾಠ

ಜುಲೈ ರಜೆಯಲ್ಲಿ ನಾವು ನಾಲ್ಕೂ ಜನ ನಮ್ಮ ನಮ್ಮ ಊರಿನಲ್ಲಿ ಒಂದೇ ರಾತ್ರಿ ಸುತ್ತಿಕೊಂಡೆವು. ಮೇಲೆ ಬರೆದ ಕ್ರಮ ಆಗ ಇಷ್ಟು ಸರಿಯಾಗಿ ಗೊತ್ತಿರಲಿಲ್ಲ. ಒಬ್ಬೊಬ್ಬರ ತಪ್ಪಿನಿಂದ ಒಂದೊಂದು ಸೇರಿಕೊಂಡಿದ್ದು.

ಶಿಗ್ಗಾಂವಿಯವಳದು ಸೊಂಟದ ತನಕ ಕೂದಲು. ತೊಳೆದ ಕೂಡಲೇ ಸುತ್ತಿದಳು. 56 ಸೆಂಟಿಮೀಟರ್ ತಲೆಗೆ ಅಷ್ಟುದ್ದ ಕೂದಲು ಒಂದಕ್ಕಿಂತ ಹೆಚ್ಚು ಸುತ್ತು ಬರುತ್ತದೆ, ಪದರದ ಮೇಲೆ ಪದರ. ಬೆಳಿಗ್ಗೆ ಮೇಲಿನದು ಒಣಗಿತ್ತು, ಒಳಗಿನದು ಒದ್ದೆ, ಮೇಲಾಗಿ ಮುಗ್ಗಲು ವಾಸನೆ. ಬಿಚ್ಚಿದ ಅರ್ಧ ತಾಸಿನಲ್ಲಿ ಒಳಗಿನ ಕೂದಲು ಅಲೆ ಅಲೆಯಾಯಿತು. ಪಾಠ: ಎರಡನೇ ಹಂತ ತಪ್ಪಿಸಬೇಡಿ. ಉದ್ದ ಕೂದಲಿನವರು ಇನ್ನೂ ಹೆಚ್ಚು ಆರಿಸಿಕೊಂಡು ಸುತ್ತಿ.

ಹಿರೇಕೆರೂರಿನವಳು ಸರಿಯಾಗಿ ಆರಿಸಿದಳು, ಆದರೆ ಮೇಲೆ ಕಟ್ಟಿದ್ದು ಟವೆಲ್, ಪಿನ್ನು ಹಾಕಿದ್ದು ಅಡ್ಡಕ್ಕೆ. ಟವೆಲ್‌ನ ಒರಟಿಗೆ ಉಜ್ಜಿ ಉಜ್ಜಿ ಕೂದಲು ಎದ್ದು ನಿಂತಿತ್ತು, ಪಿನ್ನು ಇದ್ದಲ್ಲೆಲ್ಲ ಮಡಿಕೆ ಬಿದ್ದಿತ್ತು. ಪಿನ್ನಿನ ಮಡಿಕೆಯೂ ಹೈಡ್ರೋಜನ್ ಬಂಧವೇ! ಪಾಠ: ನಯವಾದ ಬಟ್ಟೆ, ಮಲಗಿದ ಪಿನ್ನು. ಆಮೇಲೆ ಅವಳ ಅವ್ವನ ಹಳೇ ರೇಷ್ಮೆ ಸೀರೆಯ ತುಂಡು ನಮ್ಮ ರೂಮಿನ ಆಸ್ತಿಯಾಯಿತು.

ಸವಣೂರಿನವಳದು ಭುಜದ ತನಕ, ಅಲೆ ಅಲೆ ಕೂದಲು. ಅವಳ ಅಜ್ಜಿ ಬಾಗಿಲಲ್ಲಿ ನಿಂತು, "ಏನಬೇ ಇದು, ಗಂಡಸ್ರು ಪಟಗಾ ಸುತ್ತಿದಂಗ ಕೂದ್ಲಾ ಸುತ್ಕೊಂಡೀ?" ಅಂತ ನಕ್ಕರಂತೆ. ಬೆಳಿಗ್ಗೆ ಬಿಚ್ಚಿದರೆ ನೆಟ್ಟಗೆ, ಮಿಂಚುವ ಕೂದಲು. ಎರಡು ದಿನ ಹಾಗೇ ಇತ್ತು. ಅಜ್ಜಿ ಆಮೇಲೆ ನಗಲಿಲ್ಲ.

ಹಾನಗಲ್‌ನವಳದು ಸೋತಿತು. ಗುಂಗುರು ಸ್ವಲ್ಪ ಸಡಿಲಾಗಿ ಅಲೆಯಾಯಿತು, ನೇರ ಆಗಲಿಲ್ಲ. ಆ ಅಲೆಯೂ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಬರೋದರೊಳಗೆ ಹೋಯಿತು. ಛತ್ರಿ ಇತ್ತು, ತಲೆ ನೆನೆದಿರಲಿಲ್ಲ. ಆದರೂ ಹೋಯಿತು. ಫೋನಿನಲ್ಲಿ ಅವಳ ದನಿ ಸಣ್ಣಗಾಗಿತ್ತು: "ನಂದು ಆಗಂಗಿಲ್ಲ ಬಿಡ್ರಿ. ಅತ್ತಿ ಹೇಳಿದ್ದ ಖರೆ."

ಕೂದಲು ಹವೆ ಅಳೆಯುತ್ತದೆ

ನೆನೆಯದೇ ಹೇಗೆ ಹೋಯಿತು? ಇದಕ್ಕೆ ಉತ್ತರ 1783ರಷ್ಟು ಹಳೇದು. ಸ್ವಿಟ್ಜರ್ಲೆಂಡಿನ ಹೊರೇಸ್ ಬೆನೆಡಿಕ್ಟ್ ದ ಸೋಸ್ಯೂರ್ ಅನ್ನೋ ವಿಜ್ಞಾನಿ ಗಾಳಿಯ ತೇವ ಅಳೆಯುವ ಉಪಕರಣದ ಬಗ್ಗೆ ಆ ವರ್ಷ ಪುಸ್ತಕ ಪ್ರಕಟಿಸಿದರು. ಆ ಉಪಕರಣದ ಮುಖ್ಯ ಭಾಗ ಮನುಷ್ಯನ ಕೂದಲು. ಗಾಳಿಯಲ್ಲಿ ತೇವ ಹೆಚ್ಚಾದರೆ ಕೂದಲು ಉದ್ದವಾಗುತ್ತದೆ, ಕಡಿಮೆಯಾದರೆ ಗಿಡ್ಡವಾಗುತ್ತದೆ. ಪೂರ್ತಿ ಒಣ ಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಬಂದರೆ ಉದ್ದ ಸುಮಾರು ಶೇಕಡಾ 2ರಷ್ಟು ಹೆಚ್ಚುತ್ತದೆ. ತನ್ನ ತೂಕದ ಶೇಕಡಾ 30ರಷ್ಟು ನೀರನ್ನು ಕೂದಲು ಗಾಳಿಯಿಂದಲೇ ಹೀರಬಲ್ಲದು.

ಅಂದರೆ ಮಳೆ ಹನಿ ಬೀಳಬೇಕಾಗಿಲ್ಲ, ಮಳೆಗಾಲದ ಗಾಳಿಯೇ ಸಾಕು. ಹೈಡ್ರೋಜನ್ ಬಂಧ ಬಿಚ್ಚುತ್ತದೆ, ಗಂಧಕದ ಬಂಧ ತನ್ನ ಹಳೇ ಆಕಾರ ನೆನಪಿಸುತ್ತದೆ. ಹಾನಗಲ್ ತಾಲೂಕು ಮಲೆನಾಡಿನ ಸೆರಗಿನಲ್ಲಿದೆ, ಪಶ್ಚಿಮಕ್ಕೆ ಹೋದರೆ ಮುಂಡಗೋಡದ ಕಾಡು. ಸವಣೂರು ಬಯಲು ಸೀಮೆ, ಮಳೆ ಕಡಿಮೆ. ಒಂದೇ ಜಿಲ್ಲೆ, ಒಂದೇ ರಾತ್ರಿ, ಆದರೆ ಗಾಳಿ ಬೇರೆ.

ಇಲ್ಲಿ ನಾವು ಒಂದು ಒಪ್ಪಿಕೊಳ್ಳಬೇಕು. ನಮ್ಮ ಪ್ರಯೋಗ ಸರಿಯಾದ ಪ್ರಯೋಗ ಆಗಿರಲಿಲ್ಲ. ಊರೂ ಬೇರೆ, ಕೂದಲೂ ಬೇರೆ. ಸವಣೂರಿನವಳದು ನಿಂತಿದ್ದು ಒಣ ಹವೆಯಿಂದಲೋ, ಅವಳ ಕೂದಲು ಮೊದಲೇ ಅರ್ಧ ನೇರ ಇದ್ದದ್ದರಿಂದಲೋ? ಲ್ಯಾಬ್‌ನಲ್ಲಿ ಹೀಗೆ ಮಾಡಿದರೆ ಮೇಷ್ಟ್ರು ರೆಕಾರ್ಡ್ ವಾಪಸ್ ಕೊಡುತ್ತಿದ್ದರು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಹಾಗಾಗಿ ಅದೇ ತಲೆ, ಅದೇ ಕ್ರಮ, ಹವೆ ಮಾತ್ರ ಬೇರೆ ಇರುವ ಜನವರಿಗೆ ಕಾದೆವು.

ಜನವರಿಯ ಎರಡು ರಾತ್ರಿ

ಜನವರಿಯಲ್ಲಿ ನಮ್ಮ ಕಡೆ ಗಾಳಿ ಒಣಗಿರುತ್ತದೆ, ತುಟಿ ಒಡೆಯುತ್ತದೆ. ಮೊದಲ ರಾತ್ರಿ ಹಾನಗಲ್‌ನವಳಿಗೆ ಜುಲೈನಂತೆಯೇ ಸುತ್ತಿದೆವು. ಗುಂಗುರು ಮತ್ತೆ ಅಲೆಯಾಯಿತು, ಪೂರ್ತಿ ನೇರ ಇಲ್ಲ. ಆದರೆ ಈ ಸಲ ಆ ಅಲೆ ಸಂಜೆ ತನಕ ನಿಂತಿತು. ಹವೆಯ ಪಾಲು ಎಷ್ಟು ಅಂತ ಗೊತ್ತಾಯಿತು.

ಮುಂದಿನ ವಾರ ಎರಡನೇ ರಾತ್ರಿ. ಈ ಸಲ ಡೊಮಿನಿಕನ್ನರ ಹಾಗೆ ಮೊದಲು ರೋಲರ್. ಬಳೆ ಅಂಗಡಿಯಿಂದ ಅತಿ ದಪ್ಪ ಪ್ಲಾಸ್ಟಿಕ್ ರೋಲರ್ ತಂದು, ಭಾನುವಾರ ಬೆಳಿಗ್ಗೆ ತಲೆ ತೊಳೆದ ಮೇಲೆ ಸಣ್ಣ ಸಣ್ಣ ಹಿಡಿಯಾಗಿ ಸುತ್ತಿ, ಟೆರೇಸ್ ಮೇಲೆ ಕೂತು ಒಣಗಿಸಿದೆವು. ಮೂರೂವರೆ ತಾಸು ಹಿಡಿಯಿತು, ಕೂತು ಕೂತು ಎಲ್ಲರೂ ನೋಟ್ಸ್ ಓದಿದೆವು. ಬಿಚ್ಚಿದಾಗ ಗುಂಗುರು ಹೋಗಿ ದೊಡ್ಡ ಅಲೆ ಮಾತ್ರ ಉಳಿದಿತ್ತು. ರಾತ್ರಿ ಅದನ್ನು ತಲೆಗೆ ಸುತ್ತಿ ರೇಷ್ಮೆ ಕಟ್ಟಿದೆವು, ನಡುರಾತ್ರಿ ಒಮ್ಮೆ ಎಬ್ಬಿಸಿ ದಿಕ್ಕು ಬದಲಿಸಿದೆವು.

ಸೋಮವಾರ ಬೆಳಿಗ್ಗೆ ಕೂದಲು ನೆಟ್ಟಗಾಗಿತ್ತು. ಅವಳು ಕನ್ನಡಿ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ, "ನಾನ ಅನ್ಸವಲ್ತು ಲೇ" ಅಂದಳು. ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆದರೆ ಅಷ್ಟು ಗೊತ್ತಾಗೋದಕ್ಕೆ ನಾಲ್ಕು ಸಾವಿರ ಕೊಟ್ಟು, ವಾಪಸ್ ಬರದ ದಾರಿಯಲ್ಲಿ ಹೋಗಬೇಕಾಗಲಿಲ್ಲ. ಬುಧವಾರ ತಲೆ ತೊಳೆದಳು. ಮಧ್ಯಾಹ್ನದ ಹೊತ್ತಿಗೆ ಗುಂಗುರು ಹಾಗೇ ವಾಪಸ್ ಬಂದಿತ್ತು.

ಮದುವೆ

ಫೆಬ್ರವರಿಯಲ್ಲಿ ನಾವು ಮೂವರೂ ಹಾನಗಲ್‌ಗೆ ಹೋದೆವು. ಪಿನ್ನು, ರೋಲರ್, ರೇಷ್ಮೆ ತುಂಡು ಎಲ್ಲ ಬ್ಯಾಗಿನಲ್ಲಿ ಇತ್ತು. ಹಿಂದಿನ ದಿನ ಅವಳೇ ತೀರ್ಮಾನ ಮಾಡಿದಳು: ರಿಸೆಪ್ಶನ್‌ಗೆ ನೆಟ್ಟಗೆ, ಮರುದಿನ ಅಕ್ಕಿಕಾಳಿಗೆ ತನ್ನ ಗುಂಗುರಿನಲ್ಲೇ ಹೆರಳು ಹಾಕಿ ಮಲ್ಲಿಗೆ ಮುಡಿಯೋದು. ಎರಡೂ ಫೋಟೋ ಇರಲಿ, ನೋಡೋರು ನೋಡಲಿ.

ರಿಸೆಪ್ಶನ್‌ನಲ್ಲಿ ಸೋದರತ್ತೆ ಕೂದಲು ಮುಟ್ಟಿ ನೋಡಿ, "ಯಾವ ಪಾರ್ಲರ್‌ನ್ಯಾಗ ಮಾಡಿಸ್ಕೊಂಡಿಬೇ? ಎಷ್ಟ್ ತಗೊಂಡ್ರು?" ಅಂದರು. "ಮನ್ಯಾಗ ಮಾಡ್ಕೊಂಡೀನಿ ಅತ್ತಿ, ಇಪ್ಪತ್ತ ರೂಪಾಯಿ ಪಿನ್ನಾ" ಅಂದಳು. ಮರುದಿನ ಗುಂಗುರು ನೋಡಿ ಅತ್ತೆ ಏನೂ ಅನ್ನಲಿಲ್ಲ. ಆದರೆ ಊಟದ ಪಂಕ್ತಿಯಲ್ಲಿ ತಮ್ಮ ಮಗಳನ್ನು ನಮ್ಮ ಹತ್ತಿರ ಕಳಿಸಿದರು, ಸುತ್ತೋದು ಹೇಗೆ ಅಂತ ಕಲಿಯೋಕೆ. ಆ ಹುಡುಗಿ ಏಳನೇ ಕ್ಲಾಸು. ಅವಳಿಗೆ ಮೊದಲು ಎರಡು ಬಂಧದ ಕಥೆ ಹೇಳಿದೆವು, ಆಮೇಲೆ ಹಣಿಗೆ ಕೈಗೆ ಕೊಟ್ಟೆವು.

ನೀವೂ ಮಾಡಿ ನೋಡಬಹುದು. ಮಳೆಗಾಲದಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ, ಚಳಿಗಾಲದಲ್ಲಿ ಚೆನ್ನಾಗಿ ನಿಲ್ಲುತ್ತದೆ. ಒದ್ದೆ ಕೂದಲಿಗೆ ಸ್ಟ್ರೇಟ್ನರ್ ಮಾತ್ರ ಖಂಡಿತ ಹಚ್ಚಬೇಡಿ. ಯಾರೋ ಹೇಳಿದರು ಅಂತ ಕಾಯಂ ಆಗಿ ಏನನ್ನಾದರೂ ಬದಲಿಸುವ ಮುಂಚೆ, ಒಂದು ರಾತ್ರಿ ಸುತ್ತಿಕೊಂಡು ಮಲಗಿ, ಬೆಳಿಗ್ಗೆ ಕನ್ನಡಿ ನೋಡಿ. ಇಷ್ಟವಾದರೆ ಮುಂದಿನ ಸಲ ಮತ್ತೆ ಸುತ್ತಿ. ಇಲ್ಲವಾದರೆ ಒಂದು ಚೊಂಬು ನೀರು ಸಾಕು.

ರಾಜ್ಯೋತ್ಸವದ ದಿನ ನಾವು ಸುಟ್ಟ ಆ ಎಳೆ ಇದೆಯಲ್ಲ, ಅದಕ್ಕೆ ಈಗ 15 ತಿಂಗಳು. ಮೊನ್ನೆ ಸ್ಕೇಲ್ ಹಿಡಿದು ಅಳೆದೆವು, ಎಳೆದು ಹಿಡಿದರೆ 15 ಸೆಂಟಿಮೀಟರ್‌ಗೆ ಸ್ವಲ್ಪ ಕಡಿಮೆ. ಬಿಟ್ಟ ಕೂಡಲೇ ಸುರುಳಿಯಾಗಿ ಹಣೆ ಮೇಲೆ ಕೂತಿತು.